ಖರಜದ ಬೆನ್ನು ಹತ್ತಿ

ಪುಣೆಯ ವಾಕಡದಲ್ಲಿ ವರ್ಷವಿಡೀ ಯಾರೋ ಒಬ್ಬರು ಮನೆ ಖಾಲಿ ಮಾಡುತ್ತಿರುತ್ತಾರೆ. ಹಿಂಜವಡಿಯ ಕಂಪನಿ ಕರೆದಾಗ ಬರುತ್ತಾರೆ, ಬೆಂಗಳೂರಿನದು ಕರೆದಾಗ ಹೊರಡುತ್ತಾರೆ. ಲಾರಿಗೆ ಹಿಡಿಸದ್ದನ್ನೆಲ್ಲ ಪಾರ್ಕಿಂಗಿನ ಮೂಲೆಯಲ್ಲಿ ಭಂಗಾರದವನ, ಅಂದರೆ ಗುಜರಿಯವನ, ಹೆಸರಿಗೆ ಬಿಟ್ಟುಹೋಗುವುದು ನಮ್ಮ ಸೊಸೈಟಿಯ ವಾಡಿಕೆ. ಕಳೆದ ಮಳೆಗಾಲದಲ್ಲಿ ಆ ರಾಶಿಯಲ್ಲಿ ಮಕ್ಕಳ ಸೈಕಲ್ಲು, ಕಾಲು ಮುರಿದ ದಿವಾನದ ಜೊತೆ ಎರಡೂವರೆ ಅಡಿ ಎತ್ತರದ ಎರಡು ಸ್ಪೀಕರ್ ಬಾಕ್ಸುಗಳು ಕಂಡವು. ಯಾರೋ ಬಡಿಗನಿಂದ ಮಾಡಿಸಿದ್ದು. ದಪ್ಪ ಪ್ಲೈವುಡ್, ಮೂಲೆಗಳಲ್ಲಿ ಇನ್ನೂ ಬಿಗಿಯಾಗಿದ್ದ ಫೆವಿಕಾಲ್. ಜಾಲರಿ ಎತ್ತಿ ವೂಫರಿನ ಅಂಚು ಮುಟ್ಟಿದ್ದೇ ತಡ, ಅದರ ಫೋಮು ಕಪ್ಪು ಅಂಟಾಗಿ ಬೆರಳಿಗೆ ಬಂತು. ಫೋಮಿನ ಹಣೆಬರಹವೇ ಅಷ್ಟು. ಹತ್ತು-ಹದಿನೈದು ವರ್ಷದ ಗಾಳಿಯ ತೇವಕ್ಕೆ ತಾನಾಗಿಯೇ ಕೊಳೆಯುತ್ತದೆ, ಸ್ಪೀಕರ್ ಹಾಡಲಿ ಬಿಡಲಿ.

ಬಾಕ್ಸುಗಳು ಲಿಫ್ಟಿನಲ್ಲಿ ಮೇಲೆ ಬಂದವು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಅಲ್ರೀ, ಒಬ್ಬರ ಮನ್ಯಾಗಿಂದ ಹೊರಗ ಹಾಕಿದ್ದು ನಮ್ಮ ಮನ್ಯಾಗ ಯಾಕ ಬರಬೇಕು?" ಎಂದಳು. ಪ್ರಶ್ನೆಯಲ್ಲಿ ನ್ಯಾಯವಿತ್ತು. ಉತ್ತರ ಮಾತ್ರ ಗದಗಿನಷ್ಟು ದೂರದಲ್ಲಿತ್ತು.

ಗದಗಿನಲ್ಲಿ ನನ್ನ ಸೋದರಮಾವನದು ರೇಡಿಯೋ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದದ್ದು ಅಲ್ಲಿ, ಕಾಯ್ದ ಸಾಲ್ಡರಿನ ವಾಸನೆಯಲ್ಲಿ. ಮಾಮಾನ ಹತ್ತಿರ ಸ್ಪೀಕರ್ ತಂದವರು ಅದರ ಗುಣಗಾನ ಮಾಡುತ್ತಿರುವಾಗಲೇ ಅವನು ಅದನ್ನು ಬೋರಲಾಗಿ ಹಿಡಿದು, ತಿರುವಿ, ಎರಡೂ ಹೆಬ್ಬೆರಳನ್ನು ಕೋನಿನ ಎರಡು ಬದಿಗಿಟ್ಟು ಹಗೂರಕ್ಕೆ ಒಳಗೆ ಒತ್ತುತ್ತಿದ್ದ. ಕಣ್ಣು ಮುಚ್ಚಿರುತ್ತಿದ್ದ. ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬಂದರೆ ಕಾಯಿಲ್ ನೆಟ್ಟಗಿದೆ. ಒಳಗೆ ಎಲ್ಲೋ ಸಣ್ಣಗೆ ಕರಕರ ಎಂದರೆ ಕಾಯಿಲ್ ಮ್ಯಾಗ್ನೆಟ್ಟಿಗೆ ತಿಕ್ಕುತ್ತಿದೆ. "ತಮ್ಮಾ, ಒಂದ ಕಡೆ ಒತ್ತಬ್ಯಾಡ, ಚಲೋ ಇದ್ದದ್ದೂ ಕೆಟ್ಟತಿ" ಎಂದು ನನಗೂ ಕಲಿಸಿದ್ದ. ಆಮೇಲೆ ಪೆನ್ಸಿಲ್ ಸೆಲ್ಲು. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ ಮುಟ್ಟಿಸಿದಾಗ ಕೋನು ಟಪ್ ಎಂದು ಮುಂದೆ ಬರಬೇಕು. ಹಿಂದೆ ಸರಿದರೆ ಗುರುತು ಉಲ್ಟಾ ಹಾಕಿದ್ದಾರೆ. ಎರಡು ಸ್ಪೀಕರ್ ಉಲ್ಟಾಪಲ್ಟಾ ಜೋಡಿಸಿದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು, ತಗ್ಗಿನ ಸ್ವರವೆಲ್ಲ ನಡುವೆಯೇ ಇಂಗಿಹೋಗುತ್ತದೆ.

ಮಾಮಾನ ಬಾಕ್ಸು ಮಾತ್ರ ಪ್ಲೈವುಡ್ಡಿನದಲ್ಲ. ಕುಂಬಾರರಿಂದ ದೊಡ್ಡ ಗಡಿಗೆ ತಂದು, ಬಾಯಿಗೆ ಸ್ಪೀಕರ್ ಕೂರಿಸಿ, ಸುತ್ತ ಹಸಿಮಣ್ಣು ಮೆತ್ತುತ್ತಿದ್ದ. ಊರೂರಲ್ಲಿ ಆಗ ಈ ಗಡಿಗೆ ಸ್ಪೀಕರ್ ಇತ್ತು. ಹೋಟೆಲಿನ ಮೂಲೆಯಲ್ಲಿ ಸಿಂಬಿಯ ಮೇಲೆ ಕೂತು ರಾಜಕುಮಾರರ ಹಾಡು ಹೇಳುತ್ತಿತ್ತು. ಮಾಮಾ ಒಂದು ಹೆಜ್ಜೆ ಮುಂದೆ. ಗಡಿಗೆಯ ಹೊಟ್ಟೆಗೆ ಮೊಳೆಯಿಂದ ಕೆರೆದು ಕೆರೆದು ಹೆಬ್ಬೆರಳು ಹೋಗುವಷ್ಟು ಕಿಂಡಿ ಮಾಡುತ್ತಿದ್ದ. "ಅದಕ್ಕೂ ಉಸಿರಾಡಾಕ ಬೇಕಲ್ಲೋ" ಎನ್ನುತ್ತಿದ್ದ. ಅಮೆರಿಕದ ಬೆಲ್ ಲ್ಯಾಬ್ಸಿನ ಆಲ್ಬರ್ಟ್ ಥುರಾಸ್ ಇದೇ ಕಿಂಡಿಗೆ 1930ರಲ್ಲಿ ಪೇಟೆಂಟ್ ಅರ್ಜಿ ಹಾಕಿ 1932ರಲ್ಲಿ ಪಡೆದದ್ದು ಮಾಮಾನಿಗೆ ಗೊತ್ತಿರಲಿಲ್ಲ. ಕೋನಿನ ಬೆನ್ನಿನಿಂದ ಹೊರಟ ಸದ್ದು ಮುಂದಿನ ಸದ್ದಿಗೆ ವಿರುದ್ಧ. ಬಿಟ್ಟರೆ ಅದನ್ನು ನುಂಗುತ್ತದೆ. ಡಬ್ಬಿಯೊಳಗೆ ಕಟ್ಟಿಹಾಕಿ, ಸರಿಯಾದ ಅಳತೆಯ ಕಿಂಡಿ ಕೊಟ್ಟರೆ ಒಳಗಿನ ಗಾಳಿ ತಾನೇ ಒಂದು ಸ್ವರಕ್ಕೆ ಶ್ರುತಿಗೊಂಡು, ವೂಫರ್ ಸೋಲುವ ಕಡೆ ಹೆಗಲು ಕೊಡುತ್ತದೆ. ಆ ಸರಿಯಾದ ಅಳತೆ ಎಷ್ಟೆಂದು ಲೆಕ್ಕ ಕಟ್ಟಿ ತೋರಿಸಿದವನು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. ಪ್ರಬಂಧ ಅಲ್ಲಿನ ಪತ್ರಿಕೆಯಲ್ಲೇ ಉಳಿಯಿತು. ಅಮೆರಿಕದವರು ಅದನ್ನು ಮರುಮುದ್ರಿಸಿದ್ದು 1971ರಲ್ಲಿ. ಅಲ್ಲಿಯತನಕ ಜಗತ್ತಿನ ಬಹುಪಾಲು ಸ್ಪೀಕರ್ ಮಾಡುವವರೂ ಮಾಮಾನೂ ಹೆಚ್ಚುಕಮ್ಮಿ ಒಂದೇ ವಿಧಾನದಲ್ಲಿದ್ದರು: ಕೆರೆ, ಕೇಳು, ಮತ್ತೆ ಕೆರೆ.

ಕೊಳೆತದ್ದರ ಬದಲಿಗೆ ಪುಣೆಯಲ್ಲಿ ಹೊಸ ವೂಫರ್ ಬೇಕೆಂದರೆ ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾನ ಹತ್ತಿರ ಹೋಗಬೇಕು. ದೇವರು ಒಳಗೆ ತಣ್ಣಗೆ ನಿಂತಿದ್ದಾನೆ, ಹೊರಗೆ ಓಣಿತುಂಬ ಟ್ರಾನ್ಸಿಸ್ಟರು, ಕೆಪಾಸಿಟರು. ಅಂಗಡಿಯವನು ಮೊದಲು ಹೇಳುವುದು ವ್ಯಾಟು. "ಸಾಹೇಬ್, ತೀನ್‌ಶೇ ವ್ಯಾಟ್!" ಕೋನಿನ ನಡುವೆ ಬೆಳ್ಳಿ ಅಕ್ಷರದಲ್ಲಿ ಅದೇ ಅಚ್ಚಾಗಿರುತ್ತದೆ. ವ್ಯಾಟು ಎಂದರೆ ಸುಡದೆ ಎಷ್ಟು ತಡೆದೀತು ಎಂಬ ಮಾತೇ ಹೊರತು ಹೇಗೆ ಹಾಡೀತು ಎಂಬುದಲ್ಲ. ಎರಡನೆಯದು ಮ್ಯಾಗ್ನೆಟ್ಟಿನ ಗಾತ್ರ. ಅಲ್ಲೂ ನಂಬುವ ಹಾಗಿಲ್ಲ. ದಪ್ಪ ರಬ್ಬರ್ ಟೊಪ್ಪಿಗೆಯನ್ನು ಸರಿಸಿ ನೋಡಿದರೆ ಒಳಗೆ ಅರ್ಧದಷ್ಟು ಮ್ಯಾಗ್ನೆಟ್ ಇರುತ್ತದೆ. ನಾನು ಎರಡು ಹೆಬ್ಬೆರಳು ಇಟ್ಟು ಕಣ್ಣು ಮುಚ್ಚಿದಾಗ ಅಂಗಡಿಯವನು ಮಾತು ನಿಲ್ಲಿಸಿದ. ಒಳಗೆ ಹೋಗಿ ಬೇರೆ ಡಬ್ಬಿ ತಂದ. ಎಂಟು ಇಂಚು, ಕಾಗದದ ಕೋನು, ಅಂಚಿಗೆ ರಬ್ಬರು. ಮೇಲೆ ಏನೂ ಬರೆದಿರಲಿಲ್ಲ.

ಪಕ್ಕದಲ್ಲೇ ಹತ್ತು ಇಂಚಿನದು ಹೊಳೆಯುತ್ತಿತ್ತು. ದೊಡ್ಡದಾದಷ್ಟೂ ಬೇಸ್ ಹೆಚ್ಚು ಎಂಬ ನಂಬಿಕೆಗೆ ನಮ್ಮ ಗಣಪತಿ ಮೆರವಣಿಗೆಗಳೇ ಸಾಕ್ಷಿ. ಆದರೆ ನನ್ನ ಬಾಕ್ಸಿನ ಒಳಗಿದ್ದದ್ದು 45 ಲೀಟರ್ ಗಾಳಿ. ಅಷ್ಟರಲ್ಲಿ ಅಂಥ ಹತ್ತು ಇಂಚಿನದನ್ನು ತುರುಕಿದರೆ ಎಲ್ಲ ಹಾಡಿಗೂ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಅದನ್ನೇ ಬೇಸ್ ಎಂದು ಮೆಚ್ಚುವವರೂ ಇದ್ದಾರೆ, ಅವರೊಡನೆ ನನ್ನ ಜಗಳವಿಲ್ಲ. ಒಂದೇ ಗೋಡೆ ನಡುವೆ ಇಲ್ಲದಿದ್ದರೆ ಸರಿ.

ಮನೆಗೆ ತಂದ ಮೇಲೆ ಪರೀಕ್ಷೆ. 8 ಓಮ್ ಎಂದು ಮಾರಿದ ವೂಫರನ್ನು ಮಲ್ಟಿಮೀಟರಿನಲ್ಲಿ ಹಿಡಿದರೆ 6ರ ಆಸುಪಾಸು ತೋರಿಸುತ್ತದೆ. ಗಾಬರಿಯಾಗಬೇಕಿಲ್ಲ, ಸಂಗೀತ ಹರಿವಾಗಿನ ಅಡ್ಡಿ ಬೇರೆ, ಸೆಲ್ಲು ಹಚ್ಚಿದಾಗಿನದು ಬೇರೆ. ನಂತರ ಅನುರಣನ. ಒಂದು ಸಾವಿರ ಓಮಿನ ರೆಸಿಸ್ಟರ್ ಮೂಲಕ ವೂಫರಿಗೆ ಆಂಪ್ಲಿಫೈಯರ್ ಕೊಟ್ಟು, ಫೋನಿನ ಆಪಿನಿಂದ ಸ್ವರವನ್ನು ಮೆಲ್ಲಗೆ ಇಳಿಸುತ್ತ ಬಂದರೆ ಮೀಟರಿನ ಅಂಕಿ ಏರುತ್ತ ಏರುತ್ತ ಒಂದು ಕಡೆ ತುದಿ ಮುಟ್ಟಿ ಇಳಿಯುತ್ತದೆ. ಆ ತುದಿ ನನಗೆ ಸಿಕ್ಕದ್ದು 42 ಹರ್ಟ್ಸಿನಲ್ಲಿ. ಕೋನು ಅಲ್ಲಿ ತನ್ನಷ್ಟಕ್ಕೆ ತಾನು ತೂಗುತ್ತದೆ.

ಥೀಲನ ಲೆಕ್ಕಕ್ಕೆ ಈಗ ಕೋನಿನ ತೂಕ ಬೇಕು. ಬಿಚ್ಚಿ ತಕ್ಕಡಿಗೆ ಹಾಕುವಂತಿಲ್ಲ. ಗೊತ್ತಿರುವ ಭಾರವೊಂದನ್ನು ಅದರ ಮೇಲಿಟ್ಟು ಅನುರಣನ ಎಷ್ಟು ಇಳಿಯಿತೆಂದು ನೋಡಬೇಕು. ಇಂದಿನ ಉಕ್ಕಿನ ನಾಣ್ಯ ಇಟ್ಟರೆ ಮ್ಯಾಗ್ನೆಟ್ ಅದನ್ನು ತನ್ನ ಕಡೆ ಎಳೆಯುತ್ತದೆ, ಲೆಕ್ಕ ಹಾಳು. ಅದಕ್ಕೆ ತಕ್ಕದ್ದು 1992ರಲ್ಲಿ ಬಂದ ದಪ್ಪ ಐದು ರೂಪಾಯಿ. ತಾಮ್ರ-ನಿಕಲ್ಲಿನದು, ಮ್ಯಾಗ್ನೆಟ್ಟಿಗೆ ಜಗ್ಗುವುದಿಲ್ಲ, ತೂಕ ಸರಿಯಾಗಿ 9 ಗ್ರಾಂ. ದೇವರ ಡಬ್ಬಿಯಲ್ಲಿ ಒಂದು ಸಿಕ್ಕಿತು. ಅಡುಗೆಮನೆಯಿಂದ ಚಪಾತಿ ಕಣಕದ ಚಿಟಿಕೆ ತಂದು ನಾಣ್ಯದ ಬೆನ್ನಿಗೆ ಮೆತ್ತಿ ಕೋನಿನ ನಟ್ಟನಡುವೆ ಕೂರಿಸಿದೆ. 42 ಇದ್ದದ್ದು 36ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಕೋನು, ಕಾಯಿಲು ಸೇರಿ ಸುಮಾರು 25 ಗ್ರಾಂ. ಇಡೀ ಹಾಲನ್ನು ನಡುಗಿಸುವ ವಸ್ತುವಿನ ಜೀವ ಇಷ್ಟೇ! ನಾಣ್ಯ ಮಾತ್ರ ಕಣಕ ಒರೆಸಿಕೊಂಡು ದೇವರ ಹತ್ತಿರ ವಾಪಸ್ಸು ಹೋಯಿತು.

ಇಷ್ಟೆಲ್ಲ ಮಾಡಿದ್ದು ಯಾತಕ್ಕೆ ಎಂದರೆ, ಭೀಮಸೇನ ಜೋಶಿಯವರ ತಂಬೂರಿಯ ಖರಜಕ್ಕೆ. ಗಂಡಸು ಗಾಯಕರು ಹಾರ್ಮೋನಿಯಮ್ಮಿನ ಕರಿ ಒಂದರಲ್ಲಿ ಹಾಡಿದರೆ ಮಧ್ಯ ಷಡ್ಜ 138 ಹರ್ಟ್ಸಿನ ಹತ್ತಿರ. ಖರಜವೆಂದರೆ ತಂಬೂರಿಯ ದಪ್ಪ ಹಿತ್ತಾಳೆ ತಂತಿ, ಅದರ ಅರ್ಧ, 69. ಆ ತಂತಿ ಮಿಡಿದಾಗ ಎದೆಗೆ ಬರುವುದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ಬೆಳೆದ ನನ್ನ ಮಗನಿಗೆ ವಿವರಿಸಲಾಗದು.

ಗದಗಿನವನಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. 1922ರಲ್ಲಿ ನಮ್ಮ ಸೀಮೆಯಲ್ಲೇ ಹುಟ್ಟಿದ ಭೀಮಸೇನರು ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮ್ರಿಯ ರೆಕಾರ್ಡ್ ಕೇಳಿ ಮರುಳಾದರು. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ರೈಲಿನಲ್ಲಿ ಜೊತೆಗಿದ್ದವರ ದಯೆಯಿಂದ ಪುಣೆಗೆ ಬಂದರು, ಮುಂದೆ ಗ್ವಾಲಿಯರ್‌ತನಕ ಅಲೆದರು, ಕೊನೆಗೆ ಗುರು ಸಿಕ್ಕಿದ್ದು ಗದಗಿಗೆ ಹತ್ತಿರದ ಕುಂದಗೋಳದಲ್ಲೇ: ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರು. ಆ ಅಂಗಡಿ ತಮ್ಮ ಓಣಿಯದೇ ಎಂದು ಹೇಳದ ಮುದುಕರು ನಮ್ಮೂರಲ್ಲಿ ಕಡಿಮೆ. ಮಾಮಾ ಅಂತೂ ಅದು ನಿಂತಿದ್ದ ಕಟ್ಟೆಯನ್ನೇ ತೋರಿಸುತ್ತಿದ್ದ.

ನನ್ನ ತಲೆ ಕೊರೆಯುವುದು ಆ ಅಂಗಡಿಯ ಸ್ಪೀಕರ್. ಸ್ಪೀಕರ್ ಎಲ್ಲಿಂದ ಬರಬೇಕು, ಆ ಕಾಲದ ಗ್ರಾಮೋಫೋನಿಗೆ ಇದ್ದದ್ದು ಕಹಳೆ. ಇಂದಿನ ವೂಫರಿನ ಮೂಲಪುರುಷನನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಜಗತ್ತಿಗೆ ವಿವರಿಸಿದ್ದು 1925ರಲ್ಲಿ. ಮೈಕಿನ ಮುಂದೆ ಹಾಡಿ ವಿದ್ಯುತ್ತಿನಿಂದ ರೆಕಾರ್ಡ್ ಕೊರೆಯುವ ಪದ್ಧತಿ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಅದಕ್ಕೂ ಮೊದಲಿನ ರೆಕಾರ್ಡುಗಳಲ್ಲಿ ಹಿಡಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್. ಹಿಡಿದರೂ ಹೊರಬರಬೇಕಲ್ಲ. ಖರಜದ ಅಲೆಯ ಉದ್ದ 5 ಮೀಟರ್. ಕಹಳೆಯೊಂದು ಅದನ್ನು ಧಾರಾಳವಾಗಿ ಹೊರಬಿಡಬೇಕೆಂದರೆ ಬಾಯಿಯ ಸುತ್ತಳತೆಯೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಅಂದರೆ ಐದಡಿ ಅಗಲದ ಬಾಯಿ. ಗದಗಿನ ಯಾವ ಅಂಗಡಿಯ ಬಾಗಿಲಲ್ಲೂ ಅದು ಒಳಗೆ ಹೋಗದು. ಹೀಗಾಗಿ, ನಮ್ಮ ಸೀಮೆಯ ಇತಿಹಾಸದಲ್ಲೇ ಅತಿ ದೊಡ್ಡ ಪರಿಣಾಮ ಮಾಡಿದ ಸ್ಪೀಕರಿಗೆ ಬೇಸ್ ಎಂಬುದೇ ಇರಲಿಲ್ಲ. ಒಬ್ಬ ಹುಡುಗನನ್ನು ಮನೆಯಿಂದ ಎಬ್ಬಿಸಿ ಗ್ವಾಲಿಯರ್‌ತನಕ ಓಡಿಸಲು 250 ಹರ್ಟ್ಸ್‌ನಿಂದ ಮೇಲಿನದೇ ಸಾಕಾಯಿತು. ನಾನು 42ರ ಲೆಕ್ಕ ಹಾಕುತ್ತ ಕೂತಿದ್ದೇನೆ, ಸಂಜೆ ಪೇಟೆಗೆ ಹೋಗಿ ಹಾಲು ತರಲೂ ಏಳುತ್ತಿಲ್ಲ.

ಖಾನ್‌ಸಾಹೇಬರೂ ಈ ಸೀಮೆಯವರೇ ಆಗಿಹೋಗಿದ್ದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದವರು, ಆಮೇಲೆ ಮಿರಜಿನಲ್ಲಿ ನೆಲೆನಿಂತರು; ಅವರ ಸಮಾಧಿಯೂ ಅಲ್ಲಿಯೇ. ಮಿರಜಿನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಬಂತು. ಪಂಢರಪುರದ ಕಡೆ ಬೆಳೆದ ಸೋರೆಬುರುಡೆಯನ್ನು ಒಣಗಿಸಿ, ಕೊರೆದು, ಮುಚ್ಚಳ ಹಾಕುವ ಆ ಕೆಲಸವೂ ಗಾಳಿಯನ್ನು ಡಬ್ಬಿಯಲ್ಲಿ ಕಟ್ಟಿ ಹಾಡಿಸುವ ಕೆಲಸವೇ. ಮಾಮಾ ಮತ್ತು ಥುರಾಸ್ ಇಬ್ಬರಿಗೂ ಆ ತಂಬೂರಿ ಮಾಡುವವರು ಹಿರಿಯರು. ಊರಿಗೆ ಹೋಗುವಾಗ ಕಾರನ್ನು ಅತ್ತ ತಿರುಗಿಸುವ ಆಸೆ ಪ್ರತಿ ಸಲ ಆಗುತ್ತದೆ, ಹಿಂದಿನ ಸೀಟಿನವರು ಬಿಡುವುದಿಲ್ಲ.

ವಾಕಡದಲ್ಲಿ ಇದೆಲ್ಲವನ್ನು ಕೇಳಿ ನೋಡಲು ಹೊತ್ತು ಹುಡುಕಬೇಕು. ನಮ್ಮನ್ನು ಬೆಳಗಾವಿ-ಹುಬ್ಬಳ್ಳಿಗೆ ಮುಟ್ಟಿಸುವ ಹೆದ್ದಾರಿಯೇ ಕಿಟಕಿಯ ಹೊರಗಿದೆ, ರಾತ್ರಿಯೆಲ್ಲ ಅದರ ಟ್ರಕ್ಕುಗಳು ಪುಕ್ಕಟೆ ಬೇಸ್ ಕೊಡುತ್ತವೆ. ಮುಚ್ಚಿದ ಗಾಜು ಹಾರ್ನನ್ನು ತಡೆಯುತ್ತದೆ, ಎಂಜಿನ್ನಿನ ಗುಡುಗನ್ನು ತಡೆಯುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎರಡೂ ಬಾಕ್ಸುಗಳನ್ನು ಹಾಲಿನ ಗೋಡೆಗೆ ನಿಲ್ಲಿಸಿ ಭೀಮಸೇನರನ್ನು ಹಚ್ಚಿದೆ. ಸೋಫಾ ಎದುರು ಗೋಡೆಗೆ ಒತ್ತಿದೆ. ಅಲ್ಲಿ ಕೂತರೆ ತಂಬೂರಿ ಬೆನ್ನಹುರಿಯಲ್ಲಿ ಏರಿತು. ಹೆಂಡತಿ ತನ್ನ ಕುರ್ಚಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. "ಇಷ್ಟ ರೊಕ್ಕ ಸುರದು ತಂದ ಖರಜ ಎಲ್ಲೈತ್ರೀ? ನನಗೇನೂ ಕೇಳವಲ್ದು" ಎಂದಳು.

ಅವಳದು ನಿಜ. ನಮ್ಮ ಹಾಲು ಹದಿನಾರು ಅಡಿ, ಖರಜದ ಅಲೆಯೂ ಬಹುತೇಕ ಹದಿನಾರು ಅಡಿ. ಇಂಥ ಕೋಣೆಯಲ್ಲಿ ಆ ಸ್ವರ ಎರಡೂ ಗೋಡೆಗಳ ಬುಡದಲ್ಲಿ, ನಟ್ಟನಡುವೆ ಗಟ್ಟಿಯಾಗಿರುತ್ತದೆ. ಗೋಡೆಯಿಂದ ನಾಲ್ಕಡಿಯಲ್ಲಿ ಮಾಯ. ಅವಳ ಕುರ್ಚಿ ಇರುವುದು ಸರಿಯಾಗಿ ಅಲ್ಲಿ. ಕುರ್ಚಿ ಸರಿಸೋಣವೆಂದೆ. ಫ್ಯಾನು ಮೇಲಿರುವುದು ಇಲ್ಲಿಯೇ ಎಂದಳು. ಬಿಲ್ಡರ್ ಗೋಡೆ ಕಟ್ಟುವಾಗ ಕರಿ ಒಂದರ ವಿಚಾರ ಮಾಡಿರಲಿಲ್ಲ, ಮಾಡುವುದಿಲ್ಲ.

ಆಗಲೇ ಗದಗಿನ ಲ್ಯಾಂಡ್‌ಲೈನಿಗೆ ಹಚ್ಚಿದೆ. ಮಾಮಾನಿಗೆ ಈಗ ಎಂಬತ್ತರ ಹತ್ತಿರ. ಮೊಬೈಲು ಒಲ್ಲೆ ಎನ್ನುತ್ತಾನೆ. ಆ ಹಳೆಯ ತಂತಿಯಲ್ಲಿ ದಾಟುವುದು 300ರಿಂದ 3,400 ಹರ್ಟ್ಸ್ ಮಾತ್ರ, ಅಂದರೆ ಅಂಗಡಿಯ ಕಹಳೆಗಿಂತ ತುಸು ಮೇಲು. ರಿಸೀವರನ್ನು ಸ್ಪೀಕರಿನ ಮುಂದೆ ಹಿಡಿದೆ. ಕಿವಿಗೊಂದು ಗುಣವಿದೆ: 138, 207, 276 ಎಂದು ಮೇಲುಮೇಲಿನ ಸ್ವರಗಳ ಸಾಲು ಕೇಳಿದರೆ, ಇಲ್ಲದ 69ನ್ನು ತಾನೇ ತುಂಬಿಕೊಳ್ಳುತ್ತದೆ. ಸಾಲಿನ ಮೇಲಿನ ಮೆಟ್ಟಿಲುಗಳು ಮಾತ್ರ ಉಳಿದಿದ್ದರೂ ಅದಕ್ಕೆ ತಳ ಗೊತ್ತಾಗುತ್ತದೆ. ಮಾಮಾ ಬಹಳ ಹೊತ್ತು ಮಾತಾಡಲಿಲ್ಲ.

"ಖರಜ ಭಾರೀ ಐತಲೋ. ಎಷ್ಟ ಇಂಚಿಂದು?"

"ಎಂಟು, ಮಾಮಾ."

"ಸುಳ್ಳ ಹೇಳಬ್ಯಾಡ. ಹತ್ತರದು ಅದು."