ಮೊಣಕಾಲಿನ ನ್ಯಾಯ

ವಿಮಾನದಲ್ಲಿ ಕಾಲು ಚಾಚಲು ಜಾಗವಿರುವ ಸೀಟು ಯಾರಿಗೆ ಪುಕ್ಕಟೆ ಸಿಗಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ತಯಾರಿದೆ: ಎತ್ತರದವರಿಗೆ. ನಾನು ಎತ್ತರದವನು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನ ವಾದಗಳೆಲ್ಲ ನ್ಯಾಯದ ಮಾತಿನಂತೆ ಕೇಳಿಸಿಯಾವು. ನ್ಯಾಯದ ಮಾತು ಅದರಲ್ಲಿ ಇಲ್ಲವೇ ಇಲ್ಲ ಎಂದೂ ಅಲ್ಲ. ಆದರೆ ಎಲ್ಲಿಂದ ಹೊರಟರೂ ಅದು ನನ್ನ ಮೊಣಕಾಲಿನ ಹತ್ತಿರವೇ ಬಂದು ನಿಲ್ಲುತ್ತದೆ.

ನಮ್ಮದು ಬೆಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ಹೊಳೆ, ನಡುವೆ ಮರಳಿನ ಉದ್ದ ಪಟ್ಟಿ. ಪೇಟೆಗೆ ಹೋಗಲು ಹಳೆ ಬಂದರಿಗೆ ದೋಣಿ. ದೋಣಿ ಬೇಡವೆಂದರೆ ತಣ್ಣೀರುಬಾವಿ, ಕೂಳೂರು ಸುತ್ತಿ ರಸ್ತೆ. ತಮ್ಮ ದುಬೈಯಲ್ಲಿದ್ದಾನೆ. ಗಲ್ಫಿನ ನಂಟಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ, ಹಾಗಾಗಿ ಅದರಲ್ಲಿ ವಿಶೇಷವೇನಿಲ್ಲ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಮುಂಬೈಯವರೆಗೆ ಹೋಗಿ ಅಲ್ಲಿಂದ ಹಾರುವ ಪಾಡು ತಪ್ಪಿತು. ಹೆಚ್ಚುಕಡಿಮೆ ಮೂರೂವರೆ ಗಂಟೆಯ ಪ್ರಯಾಣ. ಕಡಿಮೆ ದರದ ವಿಮಾನಗಳಲ್ಲಿ ಒಂದು ಸೀಟಿಗೂ ಅದರ ಮುಂದಿನ ಸೀಟಿಗೂ ಅಂತರ ಸಾಮಾನ್ಯವಾಗಿ 28-29 ಇಂಚು, ಅದರಲ್ಲೂ ಸೀಟಿನ ದಪ್ಪ ಕಳೆಯಬೇಕು. ಕಾಲಿಗೆ ಬಿಡುವು ಸಿಗುವುದು ಮೊದಲ ಸಾಲಿನಲ್ಲಿ, ಇಲ್ಲವೇ ರೆಕ್ಕೆಯ ಬಳಿಯ ತುರ್ತು ಬಾಗಿಲಿನ ಸಾಲಿನಲ್ಲಿ. ಅವಕ್ಕೆ ಬೇರೆ ದುಡ್ಡು. ಹಾಗೆ ಸೀಟಿನ ಆಯ್ಕೆಯನ್ನು ಟಿಕೆಟ್ಟಿನಿಂದ ಬಿಡಿಸಿ ಮಾರಲು ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಒಪ್ಪಿಗೆಯೂ ಇದೆ.

ಆ ದುಡ್ಡು ಕೊಡಲು ನನ್ನಿಂದ ಆಗುವುದಿಲ್ಲವೆಂದಲ್ಲ. ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸವಿದೆ, ಸಂಬಳ ಬರುತ್ತದೆ. ತಾನೇ ಕಟ್ಟುತ್ತೇನೆ ಎಂದು ತಮ್ಮನೂ ಹೇಳುತ್ತಾನೆ. ಬೇಡ, ಇದು ತತ್ವದ ಪ್ರಶ್ನೆ ಅನ್ನುತ್ತೇನೆ. ಹುಟ್ಟಿನಿಂದ ಬಂದ ಕಾಲಿಗೆ ಬಾಡಿಗೆ ಯಾಕೆ ಕಟ್ಟಬೇಕು ಎಂಬ ಧಾಟಿ. ನಿಜವಾಗಿ ತತ್ವವೇ ಆಗಿದ್ದರೆ ಕೊಟ್ಟ ಸೀಟಿನಲ್ಲಿ ಕಾಲು ಮುದುರಿ ಕೂರಬೇಕಿತ್ತು, ಅಥವಾ ಕಾಗದ ಬರೆದು ಜಗಳವಾಡಬೇಕಿತ್ತು. ಎರಡೂ ಮಾಡದೆ ನಾನು ಕೌಂಟರಿನಲ್ಲಿ ಕೇಳುತ್ತೇನೆ. ಹಾಗೆ ಕೇಳಲು ನನ್ನ ಹತ್ತಿರ ಬೇರೆಯದೇ ಒಂದು ದನಿ ಇದೆ. ದೋಣಿಯಲ್ಲಿ ತುಳು ಮಾತಾಡುವವನು ಅಲ್ಲಿ ಇಂಗ್ಲಿಷಿಗೆ ಜಾರುತ್ತೇನೆ. ತುಸು ಬಗ್ಗಿ, ಆಯಾಸದ ನಗೆ ನಕ್ಕು, ಮೊಣಕಾಲು ನೋವು ಅನ್ನುತ್ತೇನೆ. ನೋವು ಸುಳ್ಳಲ್ಲ. ಮಳೆಗಾಲದಲ್ಲಿ ಇರುತ್ತದೆ. ಕೌಂಟರಿನಲ್ಲಿ ಮಾತ್ರ ಎಲ್ಲ ಕಾಲದಲ್ಲೂ ಇರುತ್ತದೆ.

ಮುಂದಿನದನ್ನು ಬರೆಯಲು ನಾಚಿಕೆ. ಮೊದಲ ಸಾಲು ತುಂಬಿದ್ದರೆ ತುರ್ತು ಬಾಗಿಲಿನ ಸಾಲನ್ನು ಕೇಳುತ್ತೇನೆ. ಆ ಸಾಲಿನಲ್ಲಿ ಮಕ್ಕಳು, ಬಸುರಿಯರು, ನಡೆದಾಡಲು ಕಷ್ಟವಿರುವವರು, ಸೊಂಟಪಟ್ಟಿ ಸಾಲದೆ ಇನ್ನೊಂದು ತುಂಡು ಜೋಡಿಸಬೇಕಾದವರು ಕೂರುವಂತಿಲ್ಲ. ಅಂದರೆ ಕಾಲಿಗೆ ಜಾಗ ನಿಜಕ್ಕೂ ಬೇಕಾದ ಬಹುಪಾಲು ಜನರನ್ನು ನಿಯಮವೇ ಆಚೆ ಇಡುತ್ತದೆ, ಗಟ್ಟಿಮುಟ್ಟಾದವರಿಗೆ ಅಷ್ಟು ಜಾಗ ಕೊಡುತ್ತದೆ. ಇದು ಅನ್ಯಾಯವಲ್ಲ, ಆ ಜಾಗ ಇರುವುದೇ ಉಳಿದವರು ಹೊರಗೆ ಓಡಲು. ಆದರೆ ನಾನು? ಕೌಂಟರಿನಲ್ಲಿ ಮೊಣಕಾಲು ನೋವು ಅಂದ ಅದೇ ಬಾಯಿಯಲ್ಲಿ, ತುರ್ತು ಸಮಯದಲ್ಲಿ ಸಹಾಯ ಮಾಡಲು ನೀವು ಸಮರ್ಥರೇ ಎಂದು ಗಗನಸಖಿ ಕೇಳಿದಾಗ ಹೌದು ಅನ್ನುತ್ತೇನೆ. ಎರಡು ಮಾತಿಗೂ ನಡುವೆ ಒಂದು ಗಂಟೆಯೂ ಕಳೆದಿರುವುದಿಲ್ಲ.

ಹೌದು ಅಂದಷ್ಟು ಸುಲಭವಲ್ಲ ಅದು. ಏರ್‌ಬಸ್ 320ರಲ್ಲಿ ರೆಕ್ಕೆಯ ಮೇಲಿನ ಆ ಬಾಗಿಲು ಸುಮಾರು 15 ಕಿಲೊ. ಕಿತ್ತು ಹೊರಗೆ ಎಸೆಯಬೇಕು. ಬೋಯಿಂಗ್ 737-800ರಲ್ಲಿ ಹಿಡಿ ಎಳೆದರೆ ತಾನೇ ಮೇಲಕ್ಕೆ ತೆರೆದುಕೊಳ್ಳುತ್ತದೆ, ಆದರೂ ಎಳೆಯುವ ಧೈರ್ಯ ಬೇಕು, ಹೊರಗೆ ಬೆಂಕಿ ಇದೆಯೇ ಎಂದು ಮೊದಲು ನೋಡುವ ಬುದ್ಧಿ ಬೇಕು. ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬುದು ವಿಮಾನಕ್ಕೆ ಒಪ್ಪಿಗೆ ಕೊಡುವಾಗಿನ ಲೆಕ್ಕ. ಆ ಲೆಕ್ಕದಲ್ಲಿ ನಾನೂ ಒಂದು ಅಂಕಿ. ನಮ್ಮೂರಿನಿಂದ ಕೂಳೂರಿಗೆ ಹೋಗುವ ರಸ್ತೆಯಲ್ಲಿ, ಹೊಳೆಯ ಬದಿಗೆ, 2010ರ ಮೇ 22ರ ದುರಂತದ ಸ್ಮಾರಕವಿದೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು, 8 ಜನ ಉಳಿದರು. ಗುರುತು ಹತ್ತದ 12 ಶವಗಳನ್ನು ಈ ಸ್ಮಾರಕದ ಬಳಿಯೇ ಮಣ್ಣು ಮಾಡಿದರು. ಉಳಿದವರಲ್ಲಿ ಕೆಲವರು ಹೊರಬಂದದ್ದು ಬಾಗಿಲಿನಿಂದಲ್ಲ, ಒಡೆದ ವಿಮಾನದ ಬಿರುಕಿನಿಂದ. ಆ ರಸ್ತೆಯಲ್ಲಿ ಹೋಗುವಾಗ ಇದೆಲ್ಲ ನೆನಪಾಗುತ್ತದೆ. ಸೀಟು ಕೇಳುವಾಗ ನೆನಪಾಗುವುದಿಲ್ಲ. ಆಗ ನೆನಪಾಗುವುದು ಕಾಲು ಮಾತ್ರ.

ನನ್ನ ವಾದಕ್ಕೆ ವಿಜ್ಞಾನದ ಬೆಂಬಲ ಹುಡುಕಿದ್ದೂ ಉಂಟು. ಬಹಳ ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಒಂದು ಅಧ್ಯಯನದ ಫಲಿತಾಂಶ ಹೊರಡಿಸಿತ್ತು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅಪಾಯ ಸುಮಾರು ಇಮ್ಮಡಿ, ತೀರಾ ಎತ್ತರದವರಿಗೆ ಇನ್ನೂ ಹೆಚ್ಚು. ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಆಮೇಲೆ ಪೂರ್ತಿ ಓದಿದೆ. ಎತ್ತರ ಅಂದರೆ 1.9 ಮೀಟರಿಗೂ ಮೇಲೆ. ನಾನು ಆರಡಿ ಎರಡಿಂಚು, ಅಂದರೆ 1.88. ನಮ್ಮ ವಿಮಾನ ಹಾರುವುದು ನಾಲ್ಕು ಗಂಟೆಗಿಂತ ಕಡಿಮೆ. ಅದೇ ಸಾಲಿನಲ್ಲಿ ಇನ್ನೊಂದು ಗುಂಪಿನ ಹೆಸರೂ ಇತ್ತು: 1.6 ಮೀಟರಿಗಿಂತ ಕುಳ್ಳಗಿರುವವರು. ನನ್ನ ಹೆಂಡತಿ ಐದಡಿ. ಸೀಟಿನಲ್ಲಿ ಕೂತರೆ ಅವಳ ಪಾದ ನೆಲಕ್ಕೆ ಸರಿಯಾಗಿ ಊರುವುದಿಲ್ಲ, ತೊಡೆಯ ಕೆಳಗೆ ಸೀಟಿನ ಅಂಚು ಒತ್ತುತ್ತದೆ. ನಾನು ಮುಂದೆ ಜಾಗ ಗಿಟ್ಟಿಸಿದಾಗ ಅವಳು ಹಿಂದೆ ಎಲ್ಲೋ ಮಧ್ಯದ ಸೀಟಿನಲ್ಲಿರುತ್ತಾಳೆ. ಕಾಲು ಉದ್ದವಿಲ್ಲವಲ್ಲ, ಅವಳಿಗೇನು ಕಷ್ಟ ಎಂದುಕೊಂಡಿದ್ದೆ. ಅವಳನ್ನು ಕೇಳಿರಲಿಲ್ಲ.

ಎತ್ತರ ನನಗೆ ಏನೇನು ಕೊಟ್ಟಿದೆ ಎಂಬ ಪಟ್ಟಿ ಮಾಡಿದರೆ ವಾದ ಇನ್ನೂ ಸೊರಗುತ್ತದೆ. ಕೆಲಸಕ್ಕೆ ಸೇರುವಾಗ, ರೇಷನ್ ಅಂಗಡಿಯಲ್ಲಿ, ಪೊಲೀಸರ ಎದುರು ಜನ ನನ್ನ ಮಾತು ಒಂದಿಷ್ಟು ಹೆಚ್ಚು ಕೇಳಿದ್ದಾರೆ. ಆ ಲಾಭವನ್ನು ನಾನು ಯಾರಿಗೂ ಹಿಂದಿರುಗಿಸಿಲ್ಲ. ನಷ್ಟಕ್ಕೆ ಮಾತ್ರ ಪರಿಹಾರ ಬೇಕು. ದೋಣಿಯಲ್ಲೂ ಇದೇ ಕತೆ. ಅಲ್ಲಿ ನಾನು ಬೆಂಚಿನಲ್ಲಿ ಕೂರುವುದಿಲ್ಲ, ಮೀನು ಮಾರಿ ಬರುವ ಹೆಂಗಸರಿಗೆ ಬಿಟ್ಟುಕೊಡುತ್ತೇನೆ ಎಂದು ಒಳ್ಳೆಯ ಹೆಸರಿದೆ. ಕೂತರೆ ನನ್ನ ಮೊಣಕಾಲು ಎದುರಿನವರಿಗೆ ತಾಗುತ್ತದೆ ಎಂಬುದೇ ಅದಕ್ಕೆ ಕಾರಣ. ಹೆಸರನ್ನು ತಿದ್ದಲು ಹೋಗಿಲ್ಲ. ದೋಣಿಯ ಜನ ದೊಡ್ಡವರು, ವಿಮಾನದ ಜನ ಸಣ್ಣವರು ಎಂದು ಹೇಳಲು ಹೊರಟಿಲ್ಲ. ಜಡಿಮಳೆಯಲ್ಲಿ ಮಾಡಿನ ಅಡಿಯ ಜಾಗಕ್ಕೆ ಬೆಂಗ್ರೆಯವರೂ ಚೆನ್ನಾಗಿಯೇ ನೂಕಾಡುತ್ತೇವೆ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಕೌಂಟರಿನವರ ದಯೆಗೆ ಪೂರ್ತಿ ಬಿಟ್ಟಿಲ್ಲ. ಮಡಚಲಾಗದ ಕಾಲಿನ ಪ್ರಯಾಣಿಕನಿಗೆ ಹೆಚ್ಚು ಜಾಗದ ಸೀಟು ಕೊಡಲೇಬೇಕು, ಅದೂ ಆ ಕಾಲಿಗೆ ಅನುಕೂಲವಾಗುವ ಬದಿಯಲ್ಲಿ ಎಂದು ಅಮೆರಿಕದ ನಿಯಮ ಹೇಳುತ್ತದೆ. ಅಂಗವೈಕಲ್ಯದಿಂದಾಗಿ ಎರಡು ಸೀಟು ಬೇಕಾದವರಿಂದ ದೇಶದೊಳಗಿನ ಪ್ರಯಾಣಕ್ಕೆ ಒಂದೇ ಟಿಕೆಟ್ಟಿನ ದುಡ್ಡು ಪಡೆಯಬೇಕೆಂದು ಕೆನಡಾದಲ್ಲಿ 2008ರಲ್ಲಿ ತೀರ್ಪಾಯಿತು. ನಮ್ಮಲ್ಲಿ 2024ರಲ್ಲಿ, 12 ವರ್ಷದೊಳಗಿನ ಮಕ್ಕಳಿಗೆ ಜೊತೆಗಿರುವ ಹೆತ್ತವರಲ್ಲಿ ಒಬ್ಬರ ಪಕ್ಕವೇ ಸೀಟು ಕೊಡಬೇಕೆಂದು ನಿರ್ದೇಶನಾಲಯ ಹೇಳಿತು. ಇವುಗಳನ್ನೆಲ್ಲ ಇಟ್ಟುಕೊಂಡು ಒಮ್ಮೆ ನಾನೇ ಒಂದು ಪಟ್ಟಿ ಬರೆದೆ. ಕಾಲು ಮಡಚಲಾಗದವರು ಮೊದಲು. ಆಮೇಲೆ ಹೊಸದಾಗಿ ಶಸ್ತ್ರಚಿಕಿತ್ಸೆಯಾದವರು, ತುಂಬು ಬಸುರಿಯರು, ಕೈಗೂಸಿನ ತಾಯಂದಿರು. ಎತ್ತರದವರನ್ನು ಐದನೆಯ ಜಾಗದಲ್ಲಿಟ್ಟೆ. ಮಾರನೆಯ ದಿನ ನೋಡಿದಾಗ ಅದನ್ನು ಮೂರಕ್ಕೆ ಏರಿಸಲು ಒಂದು ಸಮರ್ಥನೆ ಹೊಳೆದಿತ್ತು. ಒಳ್ಳೆಯ ಸಮರ್ಥನೆಯೇ. ಅದೇ ನನಗೆ ಹೆದರಿಕೆ.

ಇಷ್ಟು ಹೇಳಿದ ಮೇಲೂ, ಹೇಳಬೇಕಾದದ್ದನ್ನು ಹೇಳಿಲ್ಲ. ಗಲ್ಫಿಗೆ ಹೊರಟವರು, ರಜೆ ಮುಗಿಸಿ ಮರಳುವವರು ವೆಬ್ ಚೆಕ್-ಇನ್ ಮಾಡಿಸಲು ನನ್ನ ಹತ್ತಿರ ಬರುತ್ತಾರೆ. ಹಲವರು ಬೋಟಿನಲ್ಲಿ ದುಡಿದವರು, ಬಲೆ ಎಳೆದು ಸೊಂಟ ಹೋದವರು. ಅಲ್ಲಿ ಹೋಗಿ ಕಟ್ಟಡದ ಕೆಲಸ ಮಾಡಿ ಮಂಡಿ ಸವೆದವರೂ ಇದ್ದಾರೆ. ನಾನು ಫೋನು ತೆಗೆದುಕೊಳ್ಳುತ್ತೇನೆ, ಪಾಸ್‌ಪೋರ್ಟ್ ನಂಬರು ತುಂಬುತ್ತೇನೆ, ಸೀಟಿನ ಪುಟ ಬಂದಾಗ ಕೇಳದೆ ದಾಟಿಸುತ್ತೇನೆ. ದುಡ್ಡು ಉಳಿಯಲಿ ಎಂದು. ಇದು ನಿಜವೇ, ಸೀಟಿಗಾಗಿ ದುಡ್ಡು ಕೊಡಲು ಅವರಾರೂ ಸಿದ್ಧರಿಲ್ಲ. ಆದರೆ ಕೌಂಟರಿನಲ್ಲಿ ಕೇಳಬಹುದು, ವೈದ್ಯರ ಚೀಟಿ ಇದ್ದರೆ ತೋರಿಸಬಹುದು, ಮೊದಲ ಸಾಲಿನಲ್ಲಿ ಜಾಗವಿದ್ದರೆ ಕೊಟ್ಟಾರು ಎಂದು ಹೇಳಲು ದುಡ್ಡು ಬೇಕಾಗಿರಲಿಲ್ಲ. ನಾನು ಒಬ್ಬರಿಗೂ ಹೇಳಿಲ್ಲ. ಮರೆತೆ ಎಂದು ಬರೆಯಲು ಹೊರಟಿದ್ದೆ, ಮರೆತದ್ದಲ್ಲ. ಅವರು ಕೇಳಿದರೂ ಸಿಗುವುದಿಲ್ಲ, ಸುಮ್ಮನೆ ಮುಖಭಂಗ ಯಾಕೆ ಎಂದುಕೊಂಡೆ. ಅವರ ಇಂಗ್ಲಿಷಿಗೆ, ಅವರ ಅಂಗಿಗೆ ಸಿಗಲಿಕ್ಕಿಲ್ಲ ಎಂದು ಕೌಂಟರಿನವರಿಗಿಂತ ಮೊದಲು ನಾನೇ ತೀರ್ಮಾನಿಸಿದೆ. ಇನ್ನೂ ಕೆಳಗೆ ಬೇರೊಂದು ಯೋಚನೆ ಇದ್ದಿರಬಹುದು: ಮೊದಲ ಸಾಲಿನಲ್ಲಿರುವುದು ಆರೇ ಸೀಟು, ಎಲ್ಲರೂ ಕೇಳತೊಡಗಿದರೆ ನನ್ನ ಮೊಣಕಾಲಿನ ನೋವಿಗೆ ಬೆಲೆ ಇರುವುದಿಲ್ಲ. ಹಾಗೆ ಯೋಚಿಸಿದೆನೆಂದು ಆಣೆ ಇಟ್ಟು ಹೇಳಲಾರೆ. ಯೋಚಿಸಲಿಲ್ಲ ಎಂದೂ ಹೇಳಲಾರೆ.

ಪುಕ್ಕಟೆ ಸೀಟು ಕೇಳಿದವರಿಗಲ್ಲ, ಬೇಕಾದವರಿಗೆ ಹೋಗಬೇಕು ಎಂದು ಈಗ ಅನ್ನಿಸುತ್ತದೆ. ಟಿಕೆಟ್ ಕೊಳ್ಳುವಾಗಲೇ ಅವರವರ ಭಾಷೆಯಲ್ಲಿ ಕಾಲಿನ ಸ್ಥಿತಿ ಕೇಳಿ, ಆ ಪ್ರಕಾರ ಹಂಚಿ, ಉಳಿದರೆ ಮಾರಬೇಕು. ಹಾಗಾದರೆ ನನಗೆ ಸಿಗುವುದಿಲ್ಲ. ಕಾಗದದ ಮೇಲೆ ಇದಕ್ಕೆ ಸಹಿ ಹಾಕುತ್ತೇನೆ. ಚೆಕ್-ಇನ್‌ಗೆ ಬಂದವರನ್ನು ಈಚೆಗೆ ಕಾಲು ಹೇಗಿದೆ ಎಂದು ಕೇಳುತ್ತೇನೆ. ಎಲ್ಲರನ್ನೂ ಅಲ್ಲ, ನಾನು ಹೋಗುವ ವಿಮಾನದಲ್ಲೇ ಹೊರಟವರನ್ನು ಕೇಳುವಾಗ ದನಿ ಸಣ್ಣದಾಗುತ್ತದೆ. ನಾನಂತೂ ಕೌಂಟರಿನಲ್ಲಿ ಕೇಳುವುದನ್ನು ಬಿಟ್ಟಿಲ್ಲ. ಈ ಬರಹವೂ ಅದೇ ದನಿಯ ಇನ್ನೊಂದು ರೂಪವಿದ್ದೀತು: ಇಷ್ಟು ಒಪ್ಪಿಕೊಂಡವನಿಗೆ ಒಂದು ಸೀಟು ಕೊಟ್ಟರೇನು ತಪ್ಪು, ಎಂದು ಕೇಳುವಂತೆ.