ಅಕಾಲಪತನವೂ ಒಂದು ಹೊಲಿಗೆಯೂ

ಬಸಿರು ನಿಲ್ಲದೆ ಹೋಗುವುದಕ್ಕೆ ನಮ್ಮ ಪ್ರಾಚೀನ ವೈದ್ಯರು ಎರಡು ಹೆಸರುಗಳನ್ನು ಇಟ್ಟಿದ್ದಾರೆ. ನಾಲ್ಕನೆಯ ತಿಂಗಳವರೆಗೆ ಆದರೆ ಅದು ಗರ್ಭಸ್ರಾವ. ಐದು ಆರನೆಯ ತಿಂಗಳುಗಳಲ್ಲಿ, ಶರೀರವು ಗಟ್ಟಿಗೊಂಡ ಬಳಿಕ ಆದರೆ ಅದು ಗರ್ಭಪಾತ. ಹುಳು ಹಿಡಿದೋ ಗಾಳಿ ಬೀಸಿಯೋ ಪೆಟ್ಟು ಬಿದ್ದೋ ಕಾಯಿಯು ಹಣ್ಣಾಗುವ ಮುನ್ನವೇ ಉದುರುವಂತೆ ಗರ್ಭವೂ ಅಕಾಲದಲ್ಲಿ ಬೀಳುವುದೆಂದು ಸುಶ್ರುತಸಂಹಿತೆಯಲ್ಲಿ ಒಂದು ದೃಷ್ಟಾಂತವಿದೆ. ಅದನ್ನು ಓದಿದಾಗಲೆಲ್ಲ ನನಗೆ ತೋರುವುದೊಂದೇ: ಕಾಯಿ ಉದುರಿತೆಂದು ಮರವನ್ನು ಬೈಯುವವರು ಎಲ್ಲಿಯೂ ಇಲ್ಲ. ನಮ್ಮ ಮನೆಗಳಲ್ಲಾದರೋ ಬೈಗುಳಕ್ಕೆ ಬರವಿಲ್ಲ. ಮೆಟ್ಟಿಲು ಹತ್ತಿದಳು, ಕೊಡ ಎತ್ತಿದಳು, ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದಳು, ಪಪ್ಪಾಯಿ ತಿಂದಳು!

ನನ್ನ ತಂಗಿಯ ಸೊಸೆಗೆ ಎರಡು ಸಲ ಐದನೆಯ ತಿಂಗಳಲ್ಲಿ ಹೀಗಾಯಿತು. ಎರಡು ಸಲವೂ ಹೇಳಿಕೊಳ್ಳತಕ್ಕಷ್ಟು ನೋವಿರಲಿಲ್ಲ. ನಡು ಸ್ವಲ್ಪ ಹಿಡಿದಂತಾಯಿತು, ಕೆಳಹೊಟ್ಟೆ ಭಾರವೆನಿಸಿತು, ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ನೋವಿಲ್ಲದಿದ್ದುದೇ ಆ ಹುಡುಗಿಗೆ ಮುಳುವಾಯಿತು. “ನೋವಿಲ್ಲದೆ ಬಸಿರು ಹೋಗುವುದುಂಟೆ? ಇವಳೇ ಏನೋ ಮಾಡಿಕೊಂಡಿರಬೇಕು” ಎಂದು ಬಂಧುವರ್ಗದ ಹಿರಿಯಳೊಬ್ಬಳು ನಾಲ್ಕು ಜನರೆದುರು ಆಡಿದ ಮಾತು ನನ್ನ ಕಿವಿಗೂ ಬಿತ್ತು. ಹುಡುಗಿ ಊಟದ ಎಲೆಯನ್ನು ಬಿಟ್ಟು ಎದ್ದು ಹೋದಳು. ಮೂರನೆಯ ಸಲ ಬಸುರಾದಾಗ ನೋಡಿದ ವೈದ್ಯೆಯು ಮೊದಲು ಕೇಳಿದ್ದು, “ಹಿಂದೆ ನೋವು ಬಂದಿತ್ತೇನಮ್ಮಾ?” ಎಂದು. ಯಾವುದು ಮನೆಯಲ್ಲಿ ಅಪವಾದಕ್ಕೆ ಕಾರಣವಾಯಿತೋ ಅದೇ ಆಸ್ಪತ್ರೆಯಲ್ಲಿ ರೋಗನಿದಾನಕ್ಕೆ ಸೂಚಕವಾಯಿತು.

ಗರ್ಭಕೋಶವನ್ನು ಬಾಯಿ ಕೆಳಗಾಗಿ ತೂಗಿದ ಚೀಲವೆಂದು ವಾಚಕರು ಭಾವಿಸಬೇಕು. ಬಾಯಿಯ ಕಡೆಯ ಕಿರಿದಾದ ಭಾಗವೇ ಗರ್ಭಕಂಠ. ಅದು ಬಸುರಿನ ಕಾಲದಲ್ಲಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದು, ಹೆರಿಗೆಯ ಹೊತ್ತಿಗೆ ಮೆತ್ತಗಾಗಿ ತೆರೆಯತಕ್ಕದ್ದು. ಕೆಲವರಲ್ಲಿ ಹುಟ್ಟಿನಿಂದಲೋ, ಹಿಂದಿನ ಹೆರಿಗೆಯಲ್ಲಿ ಹರಿದುದರಿಂದಲೋ, ಅಲ್ಲಿ ನಡೆದ ಶಸ್ತ್ರಕ್ರಿಯೆಯಿಂದಲೋ ಅದು ದುರ್ಬಲವಾಗಿ, ಭಾರ ತಾಳಲಾರದೆ, ನಾಲ್ಕೈದು ತಿಂಗಳಿಗೇ ಸದ್ದಿಲ್ಲದೆ ಸಡಿಲುತ್ತದೆ. ಮೆಟ್ಟಿಲಿಗಾಗಲಿ ಗ್ರಹಣಕ್ಕಾಗಲಿ ಇದರಲ್ಲಿ ಪಾಲಿಲ್ಲ. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿದರೆ ನಿಲ್ಲುವುದೆಂಬ ನಂಬಿಕೆಗೂ ಆಧಾರ ದೊರೆತಿಲ್ಲ.

ಇದಕ್ಕೆ ಹೊಲಿಗೆಯ ಉಪಾಯವನ್ನು ಪ್ರಚಾರಕ್ಕೆ ತಂದವರು ಮುಂಬಯಿಯ ಡಾಕ್ಟರ್ ವಿಠ್ಠಲ ನಾಗೇಶ ಶಿರೋಡ್ಕರರು. ಇವರು 1899ರಲ್ಲಿ ಗೋವೆಯ ಶಿರೋಡೆಯಲ್ಲಿ ಹುಟ್ಟಿದರು; ವಿದ್ಯಾಭ್ಯಾಸಕ್ಕೆಂದು ಬಂದದ್ದು ನಮ್ಮ ಹುಬ್ಬಳ್ಳಿಗೆ. ಆ ಕಡೆಯವನಾದ ನಾನು ಇದನ್ನು ಹೇಳದೆ ಬಿಡಲಾರೆ. ಮುಂದೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕಲಿತು ಅಲ್ಲಿಯೇ ಪ್ರಾಧ್ಯಾಪಕರಾದರು. 1955ರಲ್ಲಿ ಮದರಾಸಿನ ‘ಆಂಟಿಸೆಪ್ಟಿಕ್’ ಎಂಬ ವೈದ್ಯಪತ್ರಿಕೆಯಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ರೋಗಿಯ ತೊಡೆಯ ಸ್ನಾಯುಗಳನ್ನು ಹೊದ್ದಿರುವ ಗಟ್ಟಿಯಾದ ಬಿಳಿಯ ಪೊರೆಯಿಂದ ಒಂದು ಪಟ್ಟಿಯನ್ನು ಕೊಯ್ದು ತೆಗೆದು, ಅದನ್ನೇ ಗರ್ಭಕಂಠದ ಸುತ್ತಲೂ, ಒಳಬಾಯಿಗೆ ಸಮೀಪವಾಗಿ, ಉಂಗುರದಂತೆ ಬಿಗಿಯುವುದು ಮೊದಲಿನ ಕ್ರಮವಾಗಿತ್ತು. ತಾಯಿಯ ದೇಹವೇ ಒದಗಿಸಿದ ನೂಲು! ಬಳಿಕ ಕೃತಕ ಪಟ್ಟಿಗಳು ಬಂದವು. 1957ರಲ್ಲಿ ಆಸ್ಟ್ರೇಲಿಯದ ಇಯಾನ್ ಮೆಕ್‌ಡೊನಾಲ್ಡರು ಇನ್ನೂ ಸುಲಭವಾದ ದಾರಿಯನ್ನು ತೋರಿದರು. ನಮ್ಮ ಅಜ್ಜಿಯರ ಎಲೆಯಡಿಕೆಯ ಸಂಚಿಗೆ ಬಾಯಿಯ ಸುತ್ತ ದಾರವಿರುತ್ತಿತ್ತಲ್ಲವೆ? ಎಳೆದರೆ ಮುಚ್ಚುವುದು, ಬಿಟ್ಟರೆ ತೆರೆಯುವುದು. ಅದೇ ರೀತಿ. ಇಂದಿಗೂ ಎರಡು ಕ್ರಮಗಳೂ ಬಳಕೆಯಲ್ಲಿವೆ. ಶಿರೋಡ್ಕರರು 1971ರಲ್ಲಿ ತೀರಿಕೊಂಡರು. ಪದ್ಮವಿಭೂಷಣವು ಸಂದದ್ದೂ ಅದೇ ವರ್ಷ.

ನಮ್ಮ ಹುಡುಗಿಗೆ ಹದಿಮೂರನೆಯ ವಾರದಲ್ಲಿ, ಬೆನ್ನಿಗೆ ಅರಿವಳಿಕೆಯ ಸೂಜಿ ಕೊಟ್ಟು, ಹೊಲಿಗೆ ಹಾಕಿದರು. ಐದನೆಯ ತಿಂಗಳು ನಡೆದಷ್ಟು ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ಅದು ಕಳೆಯಿತು, ಆರು ಕಳೆಯಿತು. ಮೂವತ್ತೈದನೆಯ ವಾರದ ಒಂದು ರಾತ್ರಿ ನೀರು ಹೋಯಿತು, ನೋವೂ ಆರಂಭವಾಯಿತು. ಆಸ್ಪತ್ರೆಗೆ ಧಾವಿಸಿ ಹೊಲಿಗೆ ಕತ್ತರಿಸಿದ ಮೇಲೆ ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು, ಎರಡೂಕಾಲು ಕಿಲೋ ತೂಕ. ನನ್ನ ತಂಗಿ ವೈದ್ಯೆಯ ಕೈ ಹಿಡಿದು, “ನಿಮ್ಮ ಹೊಲಿಗೆ ಉಳಿಸಿತು, ತಾಯೀ” ಎಂದಳು. ಆ ಸಾಧ್ವಿ, “ಉಳಿಸಿರಬಹುದು. ಇಲ್ಲದೆಯೂ ಈ ಸಲ ನಿಲ್ಲುತ್ತಿತ್ತೋ ಏನೋ, ಯಾರು ಬಲ್ಲರು?” ಎಂದರು. ಇಷ್ಟು ನೇರವಾದ ಮಾತನ್ನು ವೈದ್ಯರ ಬಾಯಿಂದ ನಾನು ಹೆಚ್ಚಾಗಿ ಕೇಳಿದವನಲ್ಲ.

ಆಕೆ ಹಾಗೆ ಹೇಳಿದ್ದಕ್ಕೆ ಕಾರಣವುಂಟು. ಹೊಲಿಗೆ ಬೇಕೋ ಬೇಡವೋ ಎಂದು ವೈದ್ಯರಿಗೇ ಸಂದೇಹವಿದ್ದ 1,292 ಮಂದಿ ಬಸುರಿಯರನ್ನು ಎರಡು ಪಾಲು ಮಾಡಿ ಪರೀಕ್ಷಿಸಿದ ಫಲವು 1993ರಲ್ಲಿ ಪ್ರಕಟವಾಯಿತು. ಮೂವತ್ತಮೂರು ವಾರಗಳಿಗೆ ಮುಂಚೆ ಹೆತ್ತವರು ಹೊಲಿಗೆಯಿಲ್ಲದವರಲ್ಲಿ ನೂರಕ್ಕೆ 17, ಹೊಲಿಗೆಯವರಲ್ಲಿ 13. ಅಂದರೆ ಸುಮಾರು ಇಪ್ಪತ್ತೈದು ಮಂದಿಗೆ ಹಾಕಿದರೆ ಒಬ್ಬಳಿಗೆ ಉಪಕಾರ. ಆದಕಾರಣ ಮೊದಲ ಬಸಿರಿಗೇ, ನೆರೆಮನೆಯವಳು ಹಾಕಿಸಿಕೊಂಡಳೆಂದು, ತಮ್ಮ ಮಗಳಿಗೂ ಬೇಕೆಂದು ಹಠ ಹಿಡಿಯುವುದು ಯುಕ್ತವಲ್ಲ. ಹಿಂದೆ ಹೀಗೆ ಕಳೆದುಕೊಂಡವರಿಗೂ, ಹಿಂದೆ ದಿನ ತುಂಬದೆ ಹೆತ್ತಿದ್ದು, ಈಗ ಇಪ್ಪತ್ತನಾಲ್ಕು ವಾರಗಳೊಳಗೆ ಸ್ಕ್ಯಾನಿಂಗಿನಲ್ಲಿ ಕಂಠದ ಉದ್ದ 25 ಮಿಲಿಮೀಟರಿಗಿಂತ ಕಡಿಮೆ ಕಂಡವರಿಗೂ ಇದು ಮುಖ್ಯವಾಗಿ ಪ್ರಯೋಜನಕಾರಿ. ಅವಳಿ ಬಸುರಿಗೆ ಅವಳಿಯೆಂಬ ಒಂದೇ ಕಾರಣದಿಂದ ಹಾಕುವುದಿಲ್ಲ. ಕೆಲವರಿಗೆ ಹೊಲಿಗೆಯ ಬದಲು ಪ್ರೊಜೆಸ್ಟರಾನ್ ಔಷಧವನ್ನೇ ಕೊಡುತ್ತಾರೆ.

ಹಾಕಿಸಿಕೊಂಡ ಮನೆಯವರು ತೆಗೆಯಿಸುವ ದಿನವನ್ನು ಮರೆಯಬಾರದು. ಸಾಮಾನ್ಯವಾಗಿ ಅದು ಮೂವತ್ತಾರು ಮೂವತ್ತೇಳನೆಯ ವಾರ. ಅದಕ್ಕೆ ಮೊದಲೇ ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ, ಜ್ವರ ಬಂದರೆ, ಬೆಳಗಾಗಲೆಂದು ಕಾಯದೆ ಹೊರಡಬೇಕು. ಹೊಲಿಗೆಯಿರುವಾಗಲೇ ನೋವು ಬಲಿತರೆ ಕಂಠವು ಹರಿಯುವ ಭಯವುಂಟು. ನನ್ನ ತಂಗಿ ಆ ತಾರೀಖನ್ನು ಅಡಿಗೆಮನೆಯ ಪಂಚಾಂಗದಲ್ಲಿ ಕುಂಕುಮದಿಂದ ಗುರುತು ಮಾಡಿಟ್ಟಿದ್ದಳು. ಆಸ್ಪತ್ರೆಯ ಚೀಟಿಯನ್ನೂ ಅದರ ಮಡಿಕೆಯಲ್ಲೇ ಇಟ್ಟಿದ್ದರಿಂದ ಆ ರಾತ್ರಿ ಹುಡುಕಬೇಕಾಗಲಿಲ್ಲ.