ಪಟ್ಟಿಯಿಂದ ಬಿದ್ದುಹೋದ ಹೆಸರು

ನಮ್ಮ ಟ್ರಸ್ಟಿನ ಕಚೇರಿಯೆಂದರೆ ಬಂಟ್ವಾಳ ತಾಲೂಕಿನ ಒಂದು ಸಣ್ಣ ಪೇಟೆಯಲ್ಲಿ, ಮೆಡಿಕಲ್ ಅಂಗಡಿಯ ಮಹಡಿಯಲ್ಲಿರುವ ಒಂದು ಕೋಣೆ. ಒಂದು ಮೇಜು, ಎರಡು ಬೆಂಚು, ಒಂದು ಕಪಾಟು. ಕಪಾಟಿನಲ್ಲಿ ಕೆಂಪು ರಟ್ಟಿನ ನಾಲ್ಕು ಉದ್ದನೆಯ ಪುಸ್ತಕಗಳಿವೆ. ಅವನ್ನು ಬರೆದವರು ನಮಗೆಲ್ಲ ಹಿರಿಯರಾದ ಮಾಸ್ಟ್ರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗಲೂ, ನಿವೃತ್ತರಾದ ಮೇಲೂ, ಯಾರಿಗೆ ಎಷ್ಟು ಕೊಟ್ಟೆವು ಎಂಬುದನ್ನು ಅವರೇ ಬರೆದಿಟ್ಟರು. ಹೆಸರು, ಮನೆ, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಸಣ್ಣ ಸಣ್ಣ ಟಿಪ್ಪಣಿಗಳು. ‘ಸೊಸೆಯ ಎದುರಿನಲ್ಲಿ ಕೊಡಬಾರದು.’ ‘ಇವರು ಕೇಳುವುದಿಲ್ಲ, ನಾವೇ ಹೋಗಬೇಕು.’ ‘ಮಗ ಸೌದಿಯಲ್ಲಿದ್ದಾನೆ, ಹಣ ಕಳಿಸುವುದಿಲ್ಲ. ಆ ಮಾತು ಎತ್ತಬಾರದು.’

ಕಂಪ್ಯೂಟರ್ ತಂದಾಗ ಆ ಅಂಚಿನ ಬರಹಗಳು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಹೆಸರು ಮತ್ತು ಮೊತ್ತ ಸಿಕ್ಕಿದರೆ ಸಾಕೆಂದುಕೊಂಡಿದ್ದೆವು.

ಕಂಪ್ಯೂಟರ್ ಬೇಕೆಂದು ಅನಿಸಿದ್ದು 2020ರ ಲಾಕ್‌ಡೌನಿನಲ್ಲಿ. ಮಾರ್ಚ್ 25ರಿಂದ ಎಲ್ಲವೂ ಮುಚ್ಚಿತು. ಬೀಡಿ ಎಲೆ, ಹೊಗೆಸೊಪ್ಪು ಬರುವುದು ನಿಂತು, ಬೀಡಿ ಕಟ್ಟಿ ಬದುಕುವ ಮನೆಗಳಲ್ಲಿ ದಿನ ಕಳೆದಂತೆ ಅಕ್ಕಿ ಡಬ್ಬಗಳು ಖಾಲಿಯಾದವು. ಊರಿನ ಜಮಾಅತ್, ಯುವಕ ಮಂಡಲ, ದೇವಸ್ಥಾನದ ಸಮಿತಿ, ಚರ್ಚಿನವರು ಎಲ್ಲರೂ ಅಕ್ಕಿ ಬೇಳೆಯ ಕಿಟ್ ಹಿಡಿದು ಹೊರಟರು. ಆದರೆ ಯಾರು ಯಾರಿಗೆ ಕೊಟ್ಟರೆಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ. ರಸ್ತೆ ಬದಿಯ ಮನೆಗಳಿಗೆ ಮೂರು ಮೂರು ಕಿಟ್ ಸಿಕ್ಕಿತು, ಗುಡ್ಡೆಯ ಮೇಲಿನ ಮನೆಗಳಿಗೆ ಒಂದೂ ಸಿಗಲಿಲ್ಲ. ‘ನಮಗೆ ಸಾಕು, ಮೇಲಿನವರಿಗೆ ಕೊಂಡುಹೋಗಿ’ ಎಂದು ಹಿಂದಿರುಗಿಸಿದ ಮನೆಗಳೂ ಇದ್ದವು. ಅದನ್ನು ಹೇಳದಿದ್ದರೆ ತಪ್ಪಾದೀತು.

ಆಗ ಬೆಂಗಳೂರಿನ ಕೆಲಸವನ್ನು ಊರಿನ ಮನೆಯಿಂದಲೇ ಮಾಡುತ್ತಿದ್ದ ನಮ್ಮ ಹುಡುಗನೊಬ್ಬ, “ಮಾಸ್ಟ್ರೇ, ಇದನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಹಾಕಿದರೆ ಆಯಿತು, ಐದು ನಿಮಿಷದ ಕೆಲಸ” ಎಂದ. ಆ ಐದು ನಿಮಿಷ ನಾಲ್ಕು ತಿಂಗಳಾಯಿತು.

ಮೊದಲ ತೊಡಕು ಅಕ್ಷರದ್ದು. ಹಿಂದೆ ಯಾರೋ ಒಂದಷ್ಟು ಹೆಸರುಗಳನ್ನು ನುಡಿಯಲ್ಲಿ ಟೈಪ್ ಮಾಡಿ ಸಿ.ಡಿ.ಯಲ್ಲಿ ಇಟ್ಟಿದ್ದರು. ತೆರೆದು ನೋಡಿದರೆ ಬರೀ ಇಂಗ್ಲಿಷ್ ಅಕ್ಷರ, ಕಂಸ, ಪ್ರಶ್ನಾರ್ಥಕ ಚಿಹ್ನೆ. ನುಡಿಗೆ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ನಮ್ಮ ಜಿಲ್ಲೆಯ ಕಿನ್ನಿಕಂಬಳದವರು ಎಂಬ ಹೆಮ್ಮೆ ನಮಗಿದೆ. ದೋಷ ಕೀಲಿಮಣೆಯದಲ್ಲ, ಆ ಕಾಲದ ಫಾಂಟ್‌ಗಳದ್ದು. ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದರು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಮಾಯವಾಗುತ್ತದೆ. ಯುನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಅಕ್ಷರಕ್ಕೆ ಅದರದೇ ಸಂಖ್ಯೆ ಇದೆ, ಯಾವ ಫೋನಿನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಹಳೆಯದನ್ನು ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ. ಆ ಹೆಸರಿನವರನ್ನು ಬಲ್ಲವರು ಪಕ್ಕದಲ್ಲಿ ಕೂತು ಓದಬೇಕು. ನಿಮ್ಮ ಸಂಸ್ಥೆಯಲ್ಲೂ ಇಂತಹ ಹಳೆಯ ಪಟ್ಟಿಗಳಿದ್ದರೆ, ಬಲ್ಲವರು ಇರುವಾಗಲೇ ಆ ಕೆಲಸ ಮುಗಿಸಿಬಿಡಿ.

ಎರಡನೆಯ ತೊಡಕು ಹೆಸರಿನದ್ದು. ಖತೀಜಾ, ಖದೀಜಾ, ಕತೀಜ, ಖತೀಜಮ್ಮ, ಎಲ್ಲವೂ ಒಂದೇ ಹೆಸರು. ಒಬ್ಬರೇ ಹೆಂಗಸಿಗೆ ರೇಶನ್ ಕಾರ್ಡಿನಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಮಗಳ ಶಾಲೆಯ ದಾಖಲೆಯಲ್ಲಿ ಮತ್ತೊಂದು. ಪಟ್ಟಿಯಲ್ಲಿ ಅವರು ಮೂವರಾಗುತ್ತಾರೆ. ಹಾಗಾಗಿ ಒಂದೇ ಹೆಸರು ಎರಡೆರಡು ಸಲ ಬರುವುದನ್ನು ತೆಗೆಯಲು ಹೊರಟೆವು. ಎಕ್ಸೆಲ್‌ನಲ್ಲಿ ಅದಕ್ಕೊಂದು ಗುಂಡಿ ಇದೆ. ಹೆಸರು, ಊರು, ಫೋನ್ ನಂಬರ್, ಈ ಮೂರೂ ಒಂದೇ ಆಗಿದ್ದರೆ ಮೊದಲನೆಯ ಸಾಲನ್ನು ಉಳಿಸಿ ಉಳಿದದ್ದನ್ನು ಅಳಿಸೆಂದು ಹುಡುಗ ಗುಂಡಿ ಒತ್ತಿದ. 11 ಸಾಲುಗಳು ಹೋದವು. ನಾವೆಲ್ಲ ಹಿಂದೆ ನಿಂತು ನೋಡುತ್ತಿದ್ದೆವು. ಪಟ್ಟಿ ಶುದ್ಧವಾಯಿತೆಂದು ಚಹಾ ತರಿಸಿ ಕುಡಿದೆವು.

ಹತ್ತು ಸಾಲುಗಳು ನಿಜವಾಗಿಯೂ ಎರಡು ಸಲ ಬಂದವುಗಳೇ. ಹನ್ನೊಂದನೆಯದು ಒಬ್ಬ ವಿಧವೆ.

ನಮ್ಮ ಒಂದು ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರು ವಿಧವೆಯರಿದ್ದರು. ಇಬ್ಬರಿಗೂ ಸ್ವಂತ ಫೋನ್ ಇರಲಿಲ್ಲ. ಬೀಡಿ ಬ್ರಾಂಚಿನ ಪಕ್ಕದ ಗೂಡಂಗಡಿಯವನ ನಂಬರನ್ನೇ ಇಬ್ಬರೂ ಕೊಟ್ಟಿದ್ದರು. ಮಾಸ್ಟ್ರ ಪುಸ್ತಕದಲ್ಲಿ ಒಬ್ಬರು ‘ತೋಟದ ಬದಿ’, ಇನ್ನೊಬ್ಬರು ‘ಗುಡ್ಡೆಮನೆ’. ಆ ಪುಸ್ತಕದಲ್ಲಿ ಇಬ್ಬರೂ ಒಬ್ಬರೇ ಆಗಲು ಸಾಧ್ಯವೇ ಇರಲಿಲ್ಲ. ನಮ್ಮ ಶೀಟಿನಲ್ಲಿ ಮನೆಗೊಂದು ಕಾಲಂ ಇರಲಿಲ್ಲ. ಗುಡ್ಡೆಮನೆಯವರು ಹೋಗಿಬಿಟ್ಟರು.

ಅವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇತ್ತು. ತಿಂಗಳ ಮಾತ್ರೆಗಳನ್ನು ಕೆಳಗಿನ ಮೆಡಿಕಲ್ ಅಂಗಡಿಯಿಂದ ನಮ್ಮ ಲೆಕ್ಕದಲ್ಲಿ ಕೊಡುತ್ತಿದ್ದರು. ಹೊಸ ಪಟ್ಟಿ ಅಂಗಡಿಗೆ ಹೋದ ಮೇಲೆ ಅವರು ಬಂದಾಗ, “ನಿಮ್ಮ ಹೆಸರಿಲ್ಲ ಉಮ್ಮಾ” ಎಂದು ಹೇಳಿ ಕಳಿಸಿದರು. ಅಂಗಡಿಯವರದು ತಪ್ಪಲ್ಲ, ಪಟ್ಟಿ ನೋಡಿ ಕೊಡಿ ಎಂದವರು ನಾವೇ. ಅವರು ಮೆಟ್ಟಿಲು ಹತ್ತಿ ಮೇಲೆ ಬಂದು ಕೇಳಲಿಲ್ಲ. ಮೂರು ತಿಂಗಳು ಕೇಳಲಿಲ್ಲ.

ಗೊತ್ತಾದದ್ದು ಒಂದು ಮದುವೆ ಮನೆಯಲ್ಲಿ. ಮಾಸ್ಟ್ರನ್ನು ಕಂಡು ಆಕೆ ತಲೆಯ ಮೇಲಿನ ಬಟ್ಟೆ ಎಳೆದುಕೊಂಡು ಇನ್ನೊಂದು ಬದಿಗೆ ಸರಿದರಂತೆ. ಮಾಸ್ಟ್ರಿಗೆ ಏನೋ ಅನುಮಾನವಾಗಿ ಮರುದಿನ ನಮ್ಮಲ್ಲಿಬ್ಬರನ್ನು ಕರೆದುಕೊಂಡು ಗುಡ್ಡೆ ಹತ್ತಿದರು. ಮಾತ್ರೆಯನ್ನು ದಿನ ಬಿಟ್ಟು ದಿನ ತಿನ್ನುತ್ತಿದ್ದರು. ಕಿವಿಯಲ್ಲಿ ಓಲೆ ಇರಲಿಲ್ಲ. ಕಾಲು ಊದಿಕೊಂಡಿತ್ತು. ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ಕೊಡುವುದು ನಿಮ್ಮ ಮನಸ್ಸಲ್ಲವಾ ಮೋನೇ? ಯಾರೋ ಏನೋ ಹೇಳಿರಬೇಕು ಎಂದುಕೊಂಡೆ” ಎಂದರು. ಯಾರು ಏನು ಹೇಳಿರಬಹುದೆಂದು ಮೂರು ತಿಂಗಳು ಕೂತು ಬೀಡಿ ಸುತ್ತುತ್ತಾ ಯೋಚಿಸಿದ್ದರು. ಪಕ್ಕದ ಮನೆಯವರೊಂದಿಗೆ ಮಾತು ಬಿಟ್ಟಿದ್ದರು. ಗುಂಡಿ ಒತ್ತಿದ ಹುಡುಗ ಹೊರಗೆ ಹೋಗಿ ಅಂಗಳದಲ್ಲಿ ನಿಂತ.

ಕಂಪ್ಯೂಟರನ್ನು ಕಟ್ಟಿಡೋಣ ಎಂದು ನಮ್ಮಲ್ಲಿ ಕೆಲವರು ಅಂದರು. ಬೇಡವೆಂದವರು ಮಾಸ್ಟ್ರೇ. ಗುಡ್ಡೆಯ ಮೇಲಿನ ಮನೆಗಳಿಗೆ ಕಿಟ್ ತಲುಪದ ದಿನಗಳು ಅವರಿಗೆ ನೆನಪಿದ್ದವು. ಪುಸ್ತಕ ತನ್ನ ಬಳಿ ಇರುವವರೆಗೆ ಮಾತ್ರ ಪುಸ್ತಕ, ತಾನು ಹೋದ ಮೇಲೆ ಅದನ್ನು ಓದುವವರು ಯಾರು ಎಂದೂ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಶೀಟನ್ನು ಮತ್ತೆ ಮೊದಲಿನಿಂದ ಕಟ್ಟಿದೆವು. ಪ್ರತಿ ಮನೆಗೂ ಒಂದು ಸಂಖ್ಯೆ. ಹೆಸರನ್ನು ಹೇಗೆ ಬರೆದರೂ ಸಂಖ್ಯೆ ಬದಲಾಗುವುದಿಲ್ಲ. ಫೋನ್ ನಂಬರಿನ ಪಕ್ಕದಲ್ಲಿ ‘ಫೋನ್ ಯಾರದು’ ಎಂಬ ಇನ್ನೊಂದು ಕಾಲಂ. ಹೆಂಗಸರ ಹೆಸರಿನ ಮುಂದಿರುವ ನಂಬರು ಎಷ್ಟು ಸಲ ಗಂಡನದು, ಅಳಿಯನದು, ಅಂಗಡಿಯವನದು ಎಂದು ಆ ಕಾಲಂ ತುಂಬಿಸುವಾಗಲೇ ನಮಗೆ ಅರಿವಾಯಿತು. ಯಾರನ್ನಾದರೂ ಪಟ್ಟಿಯಿಂದ ತೆಗೆಯಬೇಕಾದರೆ ನಮ್ಮಲ್ಲೊಬ್ಬರು ಆ ಮನೆಗೆ ಹೋಗಿ ಬಂದಿರಬೇಕು, ಕಾರಣ ಬರೆದಿರಬೇಕು, ಅವರಿಗೆ ಬಾಯಲ್ಲಿ ಹೇಳಿರಬೇಕು. ಸಾಲನ್ನು ಅಳಿಸುವಂತಿಲ್ಲ.

ಆಮೇಲೆ ಕೆಲಸ ಸುಗಮವಾಯಿತು, ನಿಜ. ಓಪನ್ ಡೇಟಾ ಕಿಟ್ ಎಂಬ ಮುಕ್ತ ತಂತ್ರಾಂಶ 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅದರ ಮೇಲೆ ಕಟ್ಟಿದ ಕೋಬೋ ಟೂಲ್‌ಬಾಕ್ಸನ್ನು ವಿಶ್ವಸಂಸ್ಥೆಯ ಸಂಸ್ಥೆಗಳೂ ಬಳಸುತ್ತವೆ. ನಮ್ಮಂತಹ ಚಿಕ್ಕವರಿಗೆ ಹಣ ಕೊಡಬೇಕಾಗಿಲ್ಲ. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ನೆಟ್‌ವರ್ಕ್ ಸಿಗದ ಮನೆಗಳಲ್ಲಿ ಫೋನಿನಲ್ಲೇ ತುಂಬಿಸಿಟ್ಟು, ಪೇಟೆಗೆ ಬಂದ ಮೇಲೆ ಕಳಿಸಬಹುದು. ಯಾವ ಗುಡ್ಡೆಗೆ ಹೋಗಿಲ್ಲವೆಂದು ಈಗ ಕೂತಲ್ಲೇ ಕಾಣುತ್ತದೆ. ಒಬ್ಬ ದಾನಿ ಬೆರಳಚ್ಚಿನ ಯಂತ್ರ ಕೊಡಿಸುತ್ತೇನೆಂದೂ ಮುಂದೆ ಬಂದರು. ದಿನಕ್ಕೆ ಸಾವಿರ ಬೀಡಿ ಸುತ್ತಿ ಸುತ್ತಿ ಬೆರಳಿನ ಗೆರೆಗಳೇ ಸವೆದವರು ರೇಶನ್ ಅಂಗಡಿಯ ಯಂತ್ರದ ಮುಂದೆ ಪಡುವ ಪಾಡು ನಮಗೆ ಗೊತ್ತಿತ್ತು. ಬೇಡವೆಂದೆವು.

ಹೆಚ್ಚು ಪ್ರಯೋಜನವಾದದ್ದು ವಿದ್ಯಾರ್ಥಿ ವೇತನದ ವಿಷಯದಲ್ಲಿ. ಅಲ್ಪಸಂಖ್ಯಾತ ಮಕ್ಕಳಿಗೆ ಒಂದರಿಂದ ಎಂಟನೆಯ ತರಗತಿವರೆಗೆ ಸಿಗುತ್ತಿದ್ದ ಕೇಂದ್ರದ ವೇತನ 2022–23ರಿಂದ ನಿಂತುಹೋಯಿತು. ಆ ಭಾರ ಊರಿನ ಟ್ರಸ್ಟುಗಳ ಮೇಲೆ ಬಿತ್ತು. ಆದ್ದರಿಂದ ದೊಡ್ಡ ಮಕ್ಕಳಿಗೆ ಸರಕಾರದಿಂದ ಬರಬೇಕಾದದ್ದು ಒಂದು ಪೈಸೆಯೂ ತಪ್ಪಬಾರದೆಂದು ಹಟ ಹಿಡಿದೆವು. ಅರ್ಜಿ ಮಂಜೂರಾಗಿದೆ, ಹಣ ಮಾತ್ರ ಬಂದಿಲ್ಲ ಎಂದು ಅಳುತ್ತಾ ಬರುವ ತಾಯಂದಿರು ಬಹಳ. ಆಧಾರಿನ ಮೂಲಕ ಬರುವ ಹಣ ಅರ್ಜಿಯಲ್ಲಿ ಬರೆದ ಖಾತೆಗೇ ಹೋಗಬೇಕೆಂದಿಲ್ಲ. ಆಧಾರನ್ನು ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಿಸಿದ್ದಾರೋ ಅಲ್ಲಿಗೆ ಹೋಗುತ್ತದೆ. ಯಾವತ್ತೋ ಯಾರೋ ತೆರೆಸಿ ಮರೆತುಹೋದ ಖಾತೆಗಳಲ್ಲಿ ಮಕ್ಕಳ ಹಣ ಮಲಗಿತ್ತು. ಒಂದು ಲ್ಯಾಪ್‌ಟಾಪ್, ತಾಳ್ಮೆಯಿಂದ ಕೂರುವ ಒಬ್ಬಳು ಬಿ.ಕಾಂ. ಹುಡುಗಿ, ಇಷ್ಟರಿಂದಲೇ ಎಷ್ಟೋ ಮನೆಗಳ ಹಣ ಎದ್ದು ಬಂತು.

ದಾನಿಗಳ ಕಡೆಯ ಕೆಲಸವನ್ನೂ ಕಲಿತೆವು. ಯುಪಿಐಯ ಚೌಕ ಚಿತ್ರವನ್ನು ಮೆಡಿಕಲ್ ಅಂಗಡಿಯ ಗಾಜಿಗೆ ಅಂಟಿಸಿದ ಮೇಲೆ ಹತ್ತು, ಇಪ್ಪತ್ತು ರೂಪಾಯಿ ಕೊಡುವವರು ಹುಟ್ಟಿಕೊಂಡರು. 80ಜಿ ವಿನಾಯಿತಿ ಇರುವ ಸಂಸ್ಥೆಗಳು 2021–22ರ ಆರ್ಥಿಕ ವರ್ಷದಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಬೇಕೆಂದಾಯಿತು, ತಡವಾದರೆ ದಿನಕ್ಕೆ 200 ರೂಪಾಯಿ. ಅದೂ ಅಭ್ಯಾಸವಾಯಿತು.

ಆದರೆ ಕೊಡುವವರಿಗೆ ಲೆಕ್ಕ ಒಪ್ಪಿಸುವ ಭರದಲ್ಲಿ ಇನ್ನೊಂದು ತಪ್ಪು ಮಾಡಿದೆವು. ಕಾಲೇಜು ಶುಲ್ಕ ಕಟ್ಟಿದ ಮಕ್ಕಳ ಪಟ್ಟಿಯನ್ನು ಹೆಸರು, ಕಾಲೇಜು, ಮೊತ್ತದ ಸಮೇತ ದಾನಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆವು. ಪಾರದರ್ಶಕತೆ ಎಂದು ನಮಗೆ ನಾವೇ ಬೆನ್ನು ತಟ್ಟಿಕೊಂಡಿದ್ದೆವು. ಆ ಪಟ್ಟಿ ಎಲ್ಲೆಲ್ಲೋ ಸುತ್ತಿ ವಾರದೊಳಗೆ ಪಿಯುಸಿಯ ಒಂದು ತರಗತಿಗೆ ಬಂತು. ಆ ಹುಡುಗಿ ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದಳು. ಮನೆಗೆ ಹೋದರೆ ಬಾಗಿಲ ಹಿಂದಿನಿಂದ, “ಹಣ ವಾಪಸ್ ಕೊಡುತ್ತೇವೆ, ಹೆಸರು ತೆಗೆಯಿರಿ” ಎಂದಳು. ಹೋದ ಪಟ್ಟಿಯನ್ನು ತೆಗೆಯುವುದು ಎಲ್ಲಿಂದ? ಹನ್ನೆರಡು ದಿನಗಳ ನಂತರ ಅವಳ ಉಪನ್ಯಾಸಕಿಯೊಬ್ಬರು ಬಂದು ಕೈ ಹಿಡಿದು ಕರೆದುಕೊಂಡು ಹೋದರು. ಪರೀಕ್ಷೆ ಬರೆದಳು. ನಮ್ಮೊಂದಿಗೆ ಈಗಲೂ ಮಾತಾಡುವುದಿಲ್ಲ.

2022ರ ಜನವರಿಯಲ್ಲಿ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಕಂಪ್ಯೂಟರಿಗೆ ಕಳ್ಳರು ನುಗ್ಗಿದ ಸುದ್ದಿ ಓದಿದ್ದೆವು. ಯುದ್ಧ, ವಲಸೆಗಳಲ್ಲಿ ಮನೆಯವರಿಂದ ಬೇರೆಯಾದವರೂ ಸೇರಿ 5,15,000ಕ್ಕೂ ಹೆಚ್ಚು ಜನರ ವಿವರ ಅವರ ಕೈ ಸೇರಿತ್ತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ ಎಂದು ಬೆರಗಾಗಿದ್ದೆವು. ಅಲ್ಲಿ ಕಳ್ಳರು ನುಗ್ಗಬೇಕಾಯಿತು, ನಮ್ಮಲ್ಲಿ ನಾವೇ ಕಳಿಸಿಕೊಟ್ಟೆವು. 2023ರಲ್ಲಿ ನಮ್ಮ ದೇಶದಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಹೆಸರು, ನಂಬರುಗಳನ್ನು ಪಡೆಯುವಾಗ ಯಾತಕ್ಕೆಂದು ಹೇಳಿ ಒಪ್ಪಿಗೆ ಕೇಳಬೇಕು ಎಂಬುದು ಅದರ ಮುಖ್ಯ ಮಾತು. ನಾವು ಅದನ್ನು ಆ ಬಾಗಿಲ ಹಿಂದಿನ ದನಿಯಿಂದಲೇ ಕಲಿತಿದ್ದೆವು.

ಈಗ ದಾನಿಗಳಿಗೆ ಸಂಖ್ಯೆ ಮತ್ತು ಮೊತ್ತ ಮಾತ್ರ ಹೋಗುತ್ತದೆ. ಫೋಟೋ ಬೇಕೆಂದರೆ ಅಕ್ಕಿಮೂಟೆಯದು, ಔಷಧದ ಬಿಲ್ಲಿನದು. ಪಡೆದವರ ಮುಖ ಕಾಣದಿದ್ದರೆ ನಂಬುವುದು ಹೇಗೆಂದು ಕೇಳಿ ಇಬ್ಬರು ಕೊಡುವುದನ್ನು ನಿಲ್ಲಿಸಿದರು. ದೊಡ್ಡ ಮೊತ್ತವೇ. ಆ ವರ್ಷ ಎರಡು ಮನೆಗಳ ದುರಸ್ತಿಯನ್ನು ಮುಂದೂಡಬೇಕಾಯಿತು, ಮಳೆಗಾಲದಲ್ಲಿ ಆ ಎರಡು ಮನೆಗಳ ಮಾಡು ಸೋರಿತು. ನಾವು ಮಾಡಿದ್ದು ಸರಿಯೇ ಎಂದು ಮಳೆ ಜೋರಾದಾಗಲೆಲ್ಲ ನಮ್ಮೊಳಗೆ ವಾದವಾಗುತ್ತದೆ.

ಮಾಸ್ಟ್ರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಪ್ರತಿ ಗುರುವಾರ ಅಸರ್ ನಂತರ ಮೆಟ್ಟಿಲು ಹತ್ತಿ ಬಂದು, ಕೆಂಪು ಪುಸ್ತಕ ಬಿಡಿಸಿ, ಅಂಚಿನಲ್ಲಿರುವುದನ್ನು ಒಂದೊಂದಾಗಿ ಓದುತ್ತಾರೆ. ಬಿ.ಕಾಂ. ಹುಡುಗಿ ಟೈಪ್ ಮಾಡುತ್ತಾಳೆ. ‘ಟಿಪ್ಪಣಿ’ ಎಂಬ ಆ ಕಾಲಂಗೆ ಬೇರೆ ಪಾಸ್‌ವರ್ಡ್ ಇದೆ, ಇಬ್ಬರಿಗೆ ಮಾತ್ರ ಗೊತ್ತು. ಕಳೆದ ವಾರ ಓದುತ್ತಾ ಓದುತ್ತಾ ಒಂದು ಸಾಲಿನಲ್ಲಿ ನಿಂತರು. ಅಂಗೈಯಿಂದ ಅದನ್ನು ಮುಚ್ಚಿದರು.

“ಇದು ಬೇಡ ಮಗಳೇ.”

“ಯಾಕೆ ಮಾಸ್ಟ್ರೇ? ಪಾಸ್‌ವರ್ಡ್ ಇದೆಯಲ್ಲ?”

“ಅವರು ಹೇಳಿದ್ದು ನನ್ನ ಹತ್ತಿರ. ಟ್ರಸ್ಟಿನ ಹತ್ತಿರ ಅಲ್ಲ.”

ಹುಡುಗಿ ಆ ಚೌಕವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದಳು.